ಅಪ್ಪನ ಮಳೆ ಪುಸ್ತಕದಲ್ಲಿ ಎಲ್ ನಿನೊ ಎಲ್ಲಿ ಅಡಗಿದೆ?

ಪ್ರಶ್ನೆ: ತುಮಕೂರು ಜಿಲ್ಲೆಯ ನಮ್ಮ ತೋಟದಲ್ಲಿ ಅಪ್ಪ 1988ರಿಂದ ಮಳೆ ಅಳೆದು ಬರೆದಿಟ್ಟಿದ್ದಾರೆ. ವರ್ಷವಾರು ಕೂಡಿಸಿ ನೋಡಿದರೆ ಎಲ್ ನಿನೊ ಬಂದ ವರ್ಷಗಳು ಬೇರೆಯಾಗಿ ಕಾಣುವುದೇ ಇಲ್ಲ. ಒಂದೇ ಊರಿನ ಲೆಕ್ಕದಲ್ಲಿ ಅದು ಸಿಗುವುದಿಲ್ಲವೇ?

ಉತ್ತರ: ಸಿಗುತ್ತದೆ. ಇಡೀ ವರ್ಷವನ್ನು ಕೂಡಿಸಿದ್ದರಿಂದಲೇ ನಿಮ್ಮಲ್ಲಿ ಅದು ಅಳಿಸಿಹೋಗಿರಬೇಕು. ಸಮಭಾಜಕದ ಬಳಿ ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗ ವಾಡಿಕೆಗಿಂತ ಬಿಸಿಯಾಗುವುದೇ ಎಲ್ ನಿನೊ. ಅಂಥ ವರ್ಷ ನಮ್ಮ ಮುಂಗಾರು ಸೊರಗುವುದೇ ಹೆಚ್ಚು. ಅದೇ ವರ್ಷ ದಕ್ಷಿಣದಲ್ಲಿ ಹಿಂಗಾರು ಜೋರಾಗುವುದೂ ಉಂಟು. 2015ರಲ್ಲಿ ದೇಶದ ಮುಂಗಾರು ವಾಡಿಕೆಯ ಶೇ 86ಕ್ಕೆ ಇಳಿಯಿತು. ಆ ಚಳಿಗಾಲದ ಹೊಸ್ತಿಲಲ್ಲೇ ಚೆನ್ನೈ ಮುಳುಗಿತು. ನಿಮ್ಮ ಜಿಲ್ಲೆಗೆ ಎರಡೂ ಮಳೆ ಬೀಳುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಟ್ಟರೆ ಒಟ್ಟು ಮೊತ್ತದಲ್ಲಿ ಏನೂ ಕಾಣದು, ರಾಗಿ ಒಣಗಿದ್ದು ಮಾತ್ರ ನಿಜ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ಒಂದು ಸಾಲು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು ಸಾಲು ಮಾಡಿ. ಎರಡರ ಸರಾಸರಿಯನ್ನೂ ಬೇರೆ ಬೇರೆ ತೆಗೆದು, ಪ್ರತಿ ವರ್ಷ ಅದಕ್ಕಿಂತ ಶೇಕಡ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಬರೆಯಿರಿ. ಎಲ್ ನಿನೊ ಬಂದ 1991, 1997, 2002, 2009, 2015, 2023ರ ಪಕ್ಕದಲ್ಲಿ ಗುರುತು ಹಾಕಿ.

1997 ನಿಮ್ಮನ್ನು ಗೊಂದಲಕ್ಕೆ ದೂಡಬಹುದು. ಅದು ಕಳೆದ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು. ಆದರೂ ದೇಶದ ಮುಂಗಾರು ವಾಡಿಕೆಯ ಶೇ 102ರಷ್ಟಿತ್ತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಾದು, ಪೂರ್ವದಲ್ಲಿ ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಕಡೆ ತಣ್ಣಗಾಗಿತ್ತು. ಅದು ನಮ್ಮ ಮುಂಗಾರಿಗೆ ನೆರವಾಗಿರಬೇಕು. ವಿಜ್ಞಾನಿಗಳು ಈ ತೂಗಾಟಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಹೆಸರಿಟ್ಟಿದ್ದು 1999ರಲ್ಲಿ. ನಿಮ್ಮ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಬಿಡಿ. ಪೆಸಿಫಿಕ್ ಒಂದನ್ನೇ ನಂಬಿ ಮುಂಗಾರನ್ನು ಓದುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಒಂದೇ ಮಾಪಕದಲ್ಲಿ ಗುಡುಗು ಮಳೆಯೊಂದು ಇಡೀ ತಿಂಗಳ ಲೆಕ್ಕ ಕೆಡಿಸಬಲ್ಲದು. ಸುತ್ತಲಿನ ಎರಡು ಮೂರು ಊರುಗಳ ಅಳತೆ ಸಿಕ್ಕರೆ ಸೇರಿಸಿ ಸರಾಸರಿ ಮಾಡಿ. 1904ರಿಂದ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಕೂಡ ದೂರದೂರದ ಊರುಗಳ ಮಳೆ, ವಾಯುಭಾರಗಳ ದಾಖಲೆಗಳನ್ನು ಒಟ್ಟಿಗಿಟ್ಟೇ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವಿನ ಏರಿಳಿತವನ್ನು ಕಂಡುಕೊಂಡರು.

ಇನ್ನೊಂದು ಮಾತು, ತಂದೆಯವರು ಇರುವಾಗಲೇ ಕೇಳಿಕೊಳ್ಳಿ: ಪುಸ್ತಕದಲ್ಲಿ ಖಾಲಿ ಬಿಟ್ಟ ದಿನಗಳಲ್ಲಿ ಮಳೆಯೇ ಇರಲಿಲ್ಲವೋ, ಅಥವಾ ಅವರು ಊರಲ್ಲಿರಲಿಲ್ಲವೋ? ಮಳೆ ಬಾರದ ದಿನಕ್ಕೆ ಸೊನ್ನೆ, ಅಳೆಯದ ದಿನಕ್ಕೆ ಅಡ್ಡಗೆರೆ ಹಾಕಿ. ಇವೆರಡರ ವ್ಯತ್ಯಾಸ ಅವರೊಬ್ಬರಿಗೇ ಗೊತ್ತು.