ಹಳೆಯ ಮನೆಯ ಅಂಗಳದಲ್ಲಿರುವ ಈ ನಾಲ್ಕು ಹೂಗಿಡಗಳು ಯಾವುವು? ನಮ್ಮ ಬಿಸಿಲು ತಾಳುವ ಇನ್ನಾವುದನ್ನು ನೆಡಬಹುದು?

ನಮಸ್ಕಾರ. ಚಿತ್ರದುರ್ಗದಲ್ಲಿ ಹಳೆಯ ಮನೆ ಕೊಂಡಿದ್ದೀರಿ, ಹಿಂದಿನವರು ಬಿಟ್ಟುಹೋದ ನಾಲ್ಕು ಗಿಡಗಳ ಹೆಸರು ತಿಳಿಯದು, ಕೊಳವೆಬಾವಿಯ ಗಡಸು ನೀರೇ ಗತಿ, ಮನೆಯಲ್ಲಿ ಮೂರು ವರ್ಷದ ಮಗುವಿದೆ ಎಂದು ಬರೆದಿದ್ದೀರಿ. ಫೋಟೊ ಇಲ್ಲದಿದ್ದರೂ ನಿಮ್ಮ ವಿವರಣೆ ಅಚ್ಚುಕಟ್ಟಾಗಿರುವುದರಿಂದ ಮೂರು ಗಿಡಗಳನ್ನು ಧೈರ್ಯವಾಗಿ ಹೇಳಬಲ್ಲೆ. ನಾನಿರುವುದು ದಾವಣಗೆರೆಯಲ್ಲಿ; ನಮ್ಮ ನೀರೂ ಬಿಸಿಲೂ ನಿಮ್ಮಂಥವೇ.

ಗಿಡ ಗುರುತಿಸುವಾಗ ಹೂವಿನ ಬಣ್ಣವನ್ನು ನೆಚ್ಚಬೇಡಿ. ಒಂದೇ ಜಾತಿ ಕೆಂಪು, ಹಳದಿ, ಬಿಳಿ ಎಂದು ಹಲವು ಬಣ್ಣಗಳಲ್ಲಿ ಸಿಗುತ್ತದೆ. ಎಲೆಗಳು ಕಡ್ಡಿಯ ಮೇಲೆ ಹೇಗೆ ಜೋಡಣೆಯಾಗಿವೆ, ಮುರಿದರೆ ಹಾಲು ಒಸರುತ್ತದೆಯೇ, ಕಾಯಿ ಎಂಥದು ಎಂದು ನೋಡಿ. ಗಿಡದ ಹೆಸರಷ್ಟೇ ಅಲ್ಲ, ಅದರ ಅಪಾಯವೂ ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ.

ಗರಿಯಂಥ ಎಲೆ, ಕಡ್ಡಿಯಲ್ಲಿ ಮುಳ್ಳು, ಕೆಂಪು-ಹಳದಿ ಹೂವಿನಿಂದ ಹೊರಚಾಚಿದ ಉದ್ದನೆಯ ಕೆಂಪು ಕೇಸರಗಳು ಎಂದಿರಲ್ಲ, ಅದು ರತ್ನಗಂಧಿ. ಕೆಂಜಿಗೆ ಎಂದೂ ಕರೆಯುತ್ತಾರೆ. ಗುಲ್‌ಮೊಹರ್ ಸಸಿ ಎಂದು ಭಾವಿಸಿ, ನಾಳೆ ದೊಡ್ಡ ಮರವಾದೀತೆಂಬ ಭಯಕ್ಕೆ ಇದನ್ನು ಕಿತ್ತುಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ಇದು ಆಳೆತ್ತರ ಮೀರಿ ಸ್ವಲ್ಪ ಬೆಳೆದು ನಿಲ್ಲುವ ಪೊದೆ. ಮುಂಗಾರಿಗೆ ಮುಂಚೆ ಸೊಂಟದೆತ್ತರಕ್ಕೆ ಕತ್ತರಿಸಿದರೆ ಹೊಸ ಚಿಗುರಿನ ತುದಿಯಲ್ಲೆಲ್ಲ ಹೂವು ಬರುತ್ತದೆ.

ಒಂದೊಂದು ಗಿಣ್ಣಿನಲ್ಲೂ ಮೂರು ಮೂರು ಉದ್ದನೆಯ ಎಲೆ, ಗುಲಾಬಿ ಬಣ್ಣದ ಹೂವು ಇರುವುದು ಕಣಗಿಲೆ. ಹೆದ್ದಾರಿಯ ನಡುವೆ ಹೊಗೆ, ಧೂಳು, ಬಿಸಿಲು ಎಲ್ಲವನ್ನೂ ಸಹಿಸಿ ನಿಂತಿರುತ್ತದಲ್ಲ, ಅದೇ. ಗಟ್ಟಿತನದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುವ ವಿಷ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿದೆ ಎಂದ ಮೇಲೆ ಇದು ನಿಮ್ಮ ಅಂಗಳದಲ್ಲಿ ಬೇಡ ಎಂಬುದೇ ನನ್ನ ಅಭಿಪ್ರಾಯ. ಪೂಜೆಗೆ ಬೇಕೇ ಬೇಕು ಎಂದಾದರೆ ಮಗುವಿನ ಕೈಗೆ ಸಿಗದಂತೆ ಬೇಲಿ ಕಟ್ಟಿ. ಕಡಿಯುವಾಗ ಕೈಗವಸು ಹಾಕಿಕೊಳ್ಳಿ. ಕಡಿದ ಕೊಂಬೆಗಳನ್ನು ಒಲೆಗೆ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ದನ, ಆಡುಗಳು ಓಡಾಡುವ ಕಡೆ ಎಸೆಯಲೂ ಬೇಡಿ.

ಮೂರನೆಯದು ಕೇಪಳ. ನಾಲ್ಕು ದಳದ ಪುಟ್ಟ ಕೆಂಪು ಹೂಗಳ ಗೊಂಚಲು ಎಂದಿದ್ದೀರಿ. ಇನ್ನೊಂದು ಗುರುತನ್ನೂ ನೋಡಿಕೊಳ್ಳಿ: ಎದುರುಬದುರಾದ ಎರಡು ಎಲೆಗಳ ನಡುವೆ, ಕಡ್ಡಿಗೆ ಅಂಟಿಕೊಂಡಂತೆ ಮೊನಚಾದ ಸಣ್ಣ ಚಿಪ್ಪು ಇರುತ್ತದೆ. ಕಾಫಿ ಗಿಡದಲ್ಲೂ ಇದನ್ನು ಕಾಣಬಹುದು, ಎರಡೂ ಒಂದೇ ಕುಟುಂಬದವು. ಎಲೆ ಹಳದಿಯಾಗುತ್ತಿದೆ ಎಂದು ಕೇಳಿದ್ದೀರಿ. ಹಳದಿಯಾಗುತ್ತಿರುವುದು ತುದಿಯ ಎಳೆಯ ಎಲೆಗಳು, ನರಗಳು ಮಾತ್ರ ಹಸಿರಾಗಿ ಉಳಿದಿವೆ ಎಂದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಆದರೆ ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾದಾಗ ಬೇರಿಗೆ ಅದು ದಕ್ಕುವುದಿಲ್ಲ. ಕೇಪಳ ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಒಗ್ಗಿದ ಗಿಡ. ಗೋಡೆಯ ಬುಡದಲ್ಲಿದ್ದರಂತೂ ಸಿಮೆಂಟಿನ ಸುಣ್ಣದ ಅಂಶವೂ ಸೇರಿ ಇನ್ನಷ್ಟು ಸೊರಗುತ್ತದೆ. ಬುಡಕ್ಕೆ ಕೊಳೆತ ಎಲೆಗೊಬ್ಬರ ಹಾಕಿ, ಮಳೆನೀರು ಹಿಡಿದಿಟ್ಟಾದರೂ ಇದಕ್ಕೆ ಕೊಡಿ. ತಕ್ಷಣದ ಉಪಶಮನಕ್ಕೆ ಒಂದು ಲೀಟರ್ ನೀರಿಗೆ 2–3 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಎಲೆಗಳಿಗೆ ಸಿಂಪಡಿಸಿ. ಹೊಸ ಎಲೆಗಳು ಹಸಿರಾಗಿ ಬರುವುದೇ ಗೆದ್ದ ಲಕ್ಷಣ.

ಇನ್ನು ಹೊಸದಾಗಿ ನೆಡುವುದಕ್ಕೆ ನನ್ನ ಮೊದಲ ಆಯ್ಕೆ ತಂಗಡಿ. ಆವರಿಕೆ ಎಂದರೂ ಇದೇ. ನಿಮ್ಮ ಊರಿನ ಕಲ್ಲುಗುಡ್ಡಗಳ ಬದಿಯಲ್ಲೇ ಯಾರೂ ನೀರೆರೆಯದೆ ಹಳದಿ ಹೂವು ತುಂಬಿಕೊಂಡು ನಿಂತಿರುತ್ತದೆ. ನರ್ಸರಿಗಳಲ್ಲಿ ಇದನ್ನು ಕೇಳುವವರೇ ಇಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಒಣಗಿದ ಕಾಯಿಯ ಬೀಜವನ್ನು ಒಂದು ರಾತ್ರಿ ನೆನೆಸಿ, ಬೆಳೆಯಬೇಕಾದ ಜಾಗದಲ್ಲೇ ಊರಿ. ದೊಡ್ಡ ಗಿಡವನ್ನು ಕಿತ್ತು ತಂದರೆ ಬದುಕುವುದು ಕಷ್ಟ. ಅರೆನೆರಳಿದ್ದ ಕಡೆ ಸ್ಫಟಿಕ ಎಂಬ ಹೂಗಿಡ ಹಾಕಿ, ಮಳೆಗಾಲ ಮುಗಿಯುತ್ತಲೇ ನೇರಳೆ ಹೂವು ಬಿಡುತ್ತದೆ. ಗೇಟಿನ ಬಳಿ ಕಾಗದದ ಹೂವು ಸಾಕು. ಅದಕ್ಕೆ ನೀರು ಹೆಚ್ಚಾದರೆ ಬರೀ ಎಲೆ.

ನಂದಿಬಟ್ಟಲೂ ಒಳ್ಳೆಯದೇ, ಆದರೆ ಹಾಲು ಒಸರುವ ಗಿಡವಾದ್ದರಿಂದ ಮಗು ದೊಡ್ಡದಾದ ಮೇಲೆ ನೆಡಿ. ಅದರಲ್ಲಿ ಬೆರಳುದ್ದದ ದಪ್ಪ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ. ಮುಟ್ಟಿದರೆ ತಲೆಯ ಹಿಂಭಾಗವನ್ನು ಉಬ್ಬಿಸಿ, ಕಣ್ಣಿನಂತೆ ಕಾಣುವ ಎರಡು ನೀಲಿ ಚುಕ್ಕೆಗಳನ್ನು ತೋರಿಸುತ್ತದೆ. ಕಣಗಿಲೆಯ ವಿಷವನ್ನೂ ತಿಂದು ಅರಗಿಸಿಕೊಳ್ಳುವ ಜೀವ ಅದು. ಹಸಿರು, ತಿಳಿಗುಲಾಬಿ ಚಿತ್ತಾರದ ಪತಂಗವಾಗುತ್ತದೆ. ನಾಲ್ಕು ಎಲೆ ತಿಂದುಕೊಳ್ಳಲಿ, ಗಿಡ ಮತ್ತೆ ಚಿಗುರುತ್ತದೆ.

ಲಂಟಾನ ಬೇಡವೇ ಬೇಡ. ಅಲಂಕಾರಕ್ಕೆಂದು ತಂದ ಈ ಗಿಡ ಬಂಡೀಪುರದ ಕಾಡನ್ನು ಯಾವ ಸ್ಥಿತಿಗೆ ತಂದಿದೆ ಎಂದು ಒಮ್ಮೆ ನೋಡಿದವರು ಅದನ್ನು ಮನೆಯಲ್ಲಿ ನೆಡಲಾರರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಲ್ಲಿಗೋ ಒಯ್ಯುತ್ತವೆ.

ಏನೇ ನೆಟ್ಟರೂ ಮುಂಗಾರು ಹಿಡಿದ ಮೇಲೆ ನೆಡಿ, ಒಂದೂವರೆ ಅಡಿ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ. ದಿನವೂ ಚೊಂಬಿನಲ್ಲಿ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಏಪ್ರಿಲ್ ಬಿಸಿಲಿಗೆ ಸೊರಗುತ್ತದೆ. ಗಿಡ ಬೇರೂರಿದ ಮೇಲೆ ವಾರಕ್ಕೊಮ್ಮೆ ಒಂದು ಕೊಡ ನೀರನ್ನು ನಿಧಾನವಾಗಿ ಇಂಗುವಂತೆ ಕೊಟ್ಟು, ಬುಡಕ್ಕೆ ಒಣಗಿದ ಎಲೆ ಹೊದಿಸಿ.

ಉಳಿದದ್ದು ನಾಲ್ಕನೆಯ ಗಿಡ. ಹಳದಿಯ ಗಂಟೆಯಾಕಾರದ ಹೂವು ಎಂದಷ್ಟೇ ಬರೆದಿದ್ದೀರಿ. ಇಂದೇ ಒಂದು ಎಲೆ ಕಿತ್ತು ನೋಡಿ, ನಂತರ ಕೈ ತೊಳೆದುಕೊಳ್ಳಿ. ಅಂಚು ಗರಗಸದಂತಿದ್ದು, ಒಂದೇ ದೇಟಿನಲ್ಲಿ ಹಲವು ಎಲೆಗಳಿದ್ದು, ಹಾಲು ಬರದಿದ್ದರೆ ಟೆಕೋಮಾ, ಇರಲಿ ಬಿಡಿ. ಎಲೆ ಕಿರಿದಾಗಿ ಉದ್ದವಾಗಿದ್ದು ಬಿಳಿ ಹಾಲು ಒಸರಿದರೆ ಅದು ಹಳದಿ ಕಣಗಿಲೆ. ಅದರ ಕಾಯಿಯೊಳಗಿನ ಬೀಜ ಪ್ರಾಣಕ್ಕೇ ಸಂಚಕಾರ. ಹಾಗಿದ್ದರೆ ಮುಂಗಾರಿಗೆ ಕಾಯದೆ ಈ ವಾರವೇ ಬುಡಸಹಿತ ತೆಗೆಸಿ, ನೆಲಕ್ಕೆ ಬಿದ್ದ ಕಾಯಿಗಳನ್ನು ಒಂದೂ ಬಿಡದೆ ಆಯಿಸಿಬಿಡಿ.