ಹನ್ನೊಂದು ವಾರವಾದರೂ ಆರದ ಉರಿ

ಪ್ರಶ್ನೆ: ನನಗೆ 47 ವರ್ಷ, ಟೈಲರ್. ಮೂಲವ್ಯಾಧಿಯ ಆಪರೇಷನ್ ಆಗಿ ಹನ್ನೊಂದು ವಾರವಾಯಿತು. ರಕ್ತ ಬೀಳುವುದು ನಿಂತಿದೆ. ಆದರೆ ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದ ಮೇಲೆ ಎರಡು ತಾಸು ಗಾಜಿನ ಚೂರು ಎಳೆದಂತೆ ಉರಿ. ಅಷ್ಟು ಹೊತ್ತೂ ನಿಂತುಕೊಂಡೇ ಕಾಜಾ-ಗುಂಡಿ ಕೆಲಸ ಮಾಡುತ್ತೇನೆ. ಹೆದರಿ ರಾತ್ರಿ ಊಟ ಬಿಟ್ಟಿದ್ದೇನೆ. ಆಸ್ಪತ್ರೆಯಲ್ಲಿ ‘ಮಾಯುತ್ತದೆ, ಕಾಯಿರಿ’ ಎನ್ನುತ್ತಾರೆ. ಮೊಳೆ ಮತ್ತೆ ಬಂತೇ? ಇನ್ನೊಮ್ಮೆ ಕೊಯ್ಯಬೇಕೇ?
— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಊಟ ಬಿಟ್ಟಿದ್ದೇನೆ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಮೂವತ್ತು ವರ್ಷ ಊರವರ ಮೂಲವ್ಯಾಧಿ ಕೊಯ್ದ ನಾನು ಐವತ್ತೆಂಟರಲ್ಲಿ ಅದೇ ಟೇಬಲ್ಲಿನ ಮೇಲೆ ಮಲಗಿದೆ. ಆಮೇಲೆ ಭಯಕ್ಕೆ ನಾಲ್ಕು ದಿನ ಬರೀ ಗಂಜಿ ತಿಳಿ. ಐದನೆಯ ದಿನ ಹೊರಬಿದ್ದದ್ದು ಗೋಲಿಯಂತೆ ಗಟ್ಟಿ. ನಾನು ಕೂಗಿದ್ದು ಕೇಳಿ ಹೆಂಡತಿ ಬಾಗಿಲಾಚೆಯಿಂದ, ‘ರೋಗಿಗಳಿಗೂ ಉಪವಾಸವನ್ನೇ ಬರೆದುಕೊಡುತ್ತೀರಾ?’ ಎಂದಳು. ಊಟ ಬಿಟ್ಟರೆ ಮಲ ನಿಲ್ಲುವುದಿಲ್ಲ, ಒಣಗುತ್ತದೆ, ಅಷ್ಟೇ.

ನಿಮ್ಮದು ಮೊಳೆ ಮರಳಿದ ಲಕ್ಷಣವಲ್ಲ. ಒಳಗಿನ ಮೊಳೆಯಿಂದ ಸಾಮಾನ್ಯವಾಗಿ ರಕ್ತ ಬೀಳುತ್ತದೆಯೇ ಹೊರತು ಇಂಥ ಉರಿ ಬರುವುದಿಲ್ಲ. ಗಾಯ ನಾಲ್ಕರಿಂದ ಆರು ವಾರದಲ್ಲಿ, ಕೆಲವರಿಗೆ ಎಂಟರಲ್ಲಿ ಮಾಯುತ್ತದೆ. ಹೋಗಿ ಬಂದ ಮೇಲೆ ತಾಸುಗಟ್ಟಲೆ ಉಳಿಯುವ ಉರಿ ಎಂದರೆ ಅಲ್ಲೊಂದು ಸೀಳು ಅಥವಾ ಮಾಯದ ಗಾಯ ಇರಬಹುದು. ಅದು ಕೆರಳಿದಾಗಲೆಲ್ಲ ಸುತ್ತಲಿನ ಸ್ನಾಯು ಪಾಯಿಜಾಮದ ಲಾಡಿ ಬಿಗಿದಂತೆ ಬಿಗಿಯುತ್ತದೆ. ಬಿಗಿದರೆ ರಕ್ತ ಸಂಚಾರ ಕಡಿಮೆ, ಮಾಯುವುದು ಇನ್ನೂ ತಡ. ಮಲ ಪೆನ್ಸಿಲಿನಂತೆ ಸಪೂರ ಬರುತ್ತಿದ್ದರೆ ದ್ವಾರ ಕಿರಿದಾಗಿದೆಯೇ ಎಂದೂ ನೋಡಬೇಕು.

ನೋಡದೆ ತಿಳಿಯುವುದಿಲ್ಲ. ಹನ್ನೊಂದು ವಾರಕ್ಕೆ ‘ಕಾಯಿರಿ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಮಾಡಿ ಎಂದು ಕೇಳಿ. ಮುಟ್ಟಿಸಿಕೊಳ್ಳಲಾಗದಷ್ಟು ನೋವಿದ್ದರೆ ಅರಿವಳಿಕೆ ಕೊಟ್ಟು ನೋಡುತ್ತಾರೆ. ತೆಗೆದ ಮೊಳೆಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರೆ ಆ ವರದಿಯನ್ನೂ ಕೇಳಿ ಪಡೆಯಿರಿ.

ಸೀಳು ಎಂದಾದರೆ ಕೊಯ್ಯುವ ಮೊದಲು ಮುಲಾಮು. ಡಿಲ್ಟಿಯಾಜೆಮ್ ಮುಲಾಮು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ವೈದ್ಯರು ಬರೆದುಕೊಟ್ಟರೆ ಆರೆಂಟು ವಾರ ಬಿಡದೆ ಹಚ್ಚಬೇಕು. ನೈಟ್ರೋಗ್ಲಿಸರಿನ್ ಮುಲಾಮೂ ಅದೇ ಕೆಲಸ ಮಾಡುತ್ತದೆ, ಆದರೆ ತಲೆ ಸಿಡಿಯುತ್ತದೆ. ನೋವಿನ ಮಾತ್ರೆ ನುಂಗುತ್ತಿದ್ದರೆ ಚೀಟಿ ತೋರಿಸಿ. ಟ್ರಮಡಾಲ್ ಇದ್ದರೆ ಅದೇ ಮಲಬದ್ಧತೆ ತರುತ್ತಿರಬಹುದು.

ಹೋಗಿ ಬಂದ ತಕ್ಷಣ ಅಗಲ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಹತ್ತು-ಹದಿನೈದು ನಿಮಿಷ ಕುಳಿತುಕೊಳ್ಳಿ. ಬರೀ ನೀರು ಸಾಕು, ಡೆಟಾಲ್ ಬೇಡ. ರಾತ್ರಿ ಎರಡು ಚಮಚ ಇಸಬ್‌ಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕುಡಿಯಿರಿ, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೂ ಒಳಗೇ ಕಟ್ಟಿಕೊಳ್ಳುತ್ತದೆ. ಕಕ್ಕಸಿನಲ್ಲಿ ಐದು ನಿಮಿಷ ಸಾಕು, ಮೊಬೈಲ್ ಹೊರಗಿರಲಿ. ಹೊಲಿಯುವಾಗ ನಡುವೆ ತೂತಿರುವ ಬಳೆಯಂಥ ದಿಂಬು ಬೇಡ, ಅದು ಕೆಳಗಿನ ಒತ್ತಡ ಹೆಚ್ಚಿಸುತ್ತದೆ. ಚಪ್ಪಟೆ ಮೆತ್ತೆ ಹಾಕಿಕೊಂಡು ಅರ್ಧ ತಾಸಿಗೊಮ್ಮೆ ಎದ್ದು ಓಡಾಡಿ. ಮಿರ್ಚಿ ಬಿಡಿ ಎಂದು ಹೇಳುವುದು ನನ್ನ ಧರ್ಮ, ಹೇಳಿದ್ದೇನೆ.

ಜ್ವರ, ಕೀವು, ಹೆಚ್ಚು ರಕ್ತ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇಲ್ಲವಾದರೆ ಇದೇ ವಾರದೊಳಗೆ ತೋರಿಸಿ. ಅಲ್ಲಿಯವರೆಗೆ, ಇಂದು ರಾತ್ರಿಯೇ, ಎರಡು ಜೋಳದ ರೊಟ್ಟಿ ಮತ್ತು ಹೆಸರುಕಾಳಿನ ಪಲ್ಯ ತಿಂದು ಮಲಗಿ.