ನಾಲ್ಕನೇ ಕ್ಲಾಸಿನ ಮಗನ ಬರಹ ಅವನಿಗೇ ಓದಲಾಗುವುದಿಲ್ಲ. ಟ್ಯಾಬ್ ಕೊಡಿಸಿ ಅಕ್ಷರ ತಿದ್ದಿಸುವ ಆ್ಯಪ್ ಹಾಕಿದರೆ ಸರಿಹೋಗುತ್ತದೆಯೇ?

ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಆ ಆ್ಯಪ್‌ಗೆ ದುಡ್ಡು ಹಾಕಬೇಡಿ. ಚುಕ್ಕಿಗೆರೆಯ ಮೇಲೆ ಎಳೆದರೆ ಸಾಕು, ಕರಡಿಮರಿ ಚಪ್ಪಾಳೆ ತಟ್ಟುತ್ತದೆ (ಒಂಬತ್ತು ವರ್ಷದವನಿಗೆ!). ಅಕ್ಷರವನ್ನು ನೆನಪಿನಿಂದ ತೆಗೆದು ಬರೆಯುವ ಕೆಲಸ ಅಲ್ಲಿ ನಡೆಯುವುದೇ ಇಲ್ಲ. ಹಲವು ಆ್ಯಪ್‌ಗಳು ವರ್ಣಮಾಲೆಗೇ ಮುಗಿಯುತ್ತವೆ, ಈ ವಯಸ್ಸಿನವರು ತಡವರಿಸುವುದು ‘ಷ್ಟ್ರ’ದಂಥ ಒತ್ತಕ್ಷರಗಳಲ್ಲಿ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ರಬ್ಬರ್ ತುದಿಯ ಅಗ್ಗದ ಸ್ಟೈಲಸ್ (ಪರದೆಯ ಮೇಲೆ ಬರೆಯುವ ಪೆನ್). ಅದು ಯಾವುದು, ಅಂಗೈ ಯಾವುದು ಎಂದು ಟ್ಯಾಬ್‌ಗೆ ಗೊತ್ತಾಗುವುದಿಲ್ಲ. ಅಂಗೈ ತಾಗಿದರೆ ಅಡ್ಡಾದಿಡ್ಡಿ ಗೆರೆ. ತಾಗದಿರಲಿ ಎಂದು ಹುಡುಗ ಮಣಿಕಟ್ಟು ಎತ್ತಿ ಭುಜದಿಂದ ಬರೆಯತೊಡಗುತ್ತಾನೆ. ಬೆರಳಿನ ಸಣ್ಣ ಚಲನೆ ಕಲಿಯಬೇಕಾದ ಕೈಗೆ ಇದು ಪೂರ್ತಿ ಉಲ್ಟಾ ಅಭ್ಯಾಸ. ಗಾಜು ಬೇರೆ ಜಾರುತ್ತದೆ. ಅಕ್ಷರ ಹಿಗ್ಗುತ್ತದೆ, ತಿರುವಿನಲ್ಲಿ ತುದಿ ನಿಲ್ಲುವುದಿಲ್ಲ. ಕನ್ನಡದಲ್ಲಿ ಇರುವುದೆಲ್ಲ ತಿರುವೇ. ಪೆನ್ಸಿಲ್ ಹಿಡಿದಾಗಲೂ ಕೈ ಗಾಳಿಯಲ್ಲೇ ಇದ್ದರೆ ಕಾರಣ ಹುಡುಕಬೇಕಿಲ್ಲ.

ಟ್ಯಾಬ್ ಆಗಲೇ ಇದ್ದರೆ ಅದಕ್ಕೆ ಹೊಂದುವ, ಅಂಗೈ ಸ್ಪರ್ಶವನ್ನು ಟ್ಯಾಬ್ ಲೆಕ್ಕಿಸದಂತೆ ಮಾಡುವ, ಒತ್ತಡ ಗ್ರಹಿಸುವ ಸ್ಟೈಲಸ್ ತನ್ನಿ. ಪರದೆಗೆ ಹೊಳಪಿಲ್ಲದ, ತುಸು ಒರಟಾದ ಸ್ಕ್ರೀನ್‌ಗಾರ್ಡ್ ಅಂಟಿಸಿ, 20 ಡಿಗ್ರಿಯಷ್ಟು ಓರೆಯಾಗಿಡಿ. ಆ್ಯಪ್ ಬೇಡ, ಖಾಲಿ ಪುಟ ಸಾಕು. ಅಕ್ಷರ ತೋರಿಸಿ, ಮರೆಮಾಡಿ, ಬರೆಸಿ. ಹತ್ತು ನಿಮಿಷವಾದ ಮೇಲೆ ಅದೇ ಅಕ್ಷರವನ್ನು ಎರಡು ಗೆರೆಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಸಿ. ನಾಳೆಗೆ ಮುಂದೂಡಬೇಡಿ.

ನಿಮ್ಮ ಫೋನಿನ ಕ್ಯಾಮೆರಾ ಇದಕ್ಕಿಂತ ಉಪಯೋಗ. ಬಲಗೈಯವನಾದರೆ ಎಡಗಡೆಯಿಂದ ಎರಡು ನಿಮಿಷ ವಿಡಿಯೊ ಮಾಡಿ. ಹೆಬ್ಬೆರಳು ಸುತ್ತಿಕೊಂಡಿದೆಯೇ, ಅಕ್ಷರ ಪ್ರತಿಸಲ ಬೇರೆ ಕಡೆಯಿಂದ ಶುರುವಾಗುತ್ತದೆಯೇ, ಪೆನ್ಸಿಲ್ ಕಾಗದ ಬಿಟ್ಟು ಎಷ್ಟು ಹೊತ್ತು ತೂಗಾಡುತ್ತದೆ, ನೋಡಿ. ಕೊನೆಯದು ಮುಖ್ಯ. ಡಿಸ್‌ಗ್ರಾಫಿಯಾ (ಬರೆಯುವುದೇ ಕಷ್ಟವಾಗುವ ಕಲಿಕಾ ನ್ಯೂನತೆ) ಇರುವ ಮಕ್ಕಳಲ್ಲಿ ಈ ಗಾಳಿಯ ಸಮಯ ಹೆಚ್ಚು. ಅದನ್ನು ಅಳೆಯಲು ಸಂಶೋಧಕರು ಪೆನ್ನಿನ ಚಲನೆ ದಾಖಲಿಸುವ ಡಿಜಿಟೈಸರ್ ಟ್ಯಾಬ್ಲೆಟ್ ಮೇಲೆ ಕಾಗದವಿಟ್ಟು ಬರೆಸುತ್ತಾರೆ. ಬರೆದು ಮುಗಿದ ಪುಟದಲ್ಲಿ ಅದು ಕಾಣುವುದಿಲ್ಲ. ವಿಡಿಯೊವನ್ನು ಆಕ್ಯುಪೇಷನಲ್ ಥೆರಪಿಸ್ಟ್‌ಗೆ (ಬರಹದಂಥ ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವ ತಜ್ಞರಿಗೆ) ತೋರಿಸಿ.

ಬರಹ ಸುಧಾರಿಸಲಿ ಎಂದು ಕಾಯದೆ ಟೈಪಿಂಗನ್ನೂ ಈಗಲೇ ಶುರುಮಾಡಿಸಿ. ಕನ್ನಡದ ಕೀಲಿಮಣೆ ವಿನ್ಯಾಸಗಳಾದ ಕಗಪ ಅಥವಾ ಇನ್‌ಸ್ಕ್ರಿಪ್ಟ್, ಒಂದನ್ನೇ ಹಿಡಿಯಿರಿ. ಕೈಬರಹದ ವೇಗ ದಾಟುವವರೆಗೆ ಹೋಂವರ್ಕಿಗೆ ಅದನ್ನು ಹೇರಬೇಡಿ, ಬೇಸತ್ತು ಎರಡನ್ನೂ ಬಿಡುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಡಿಸ್‌ಗ್ರಾಫಿಯಾ ಇದರಲ್ಲೇ ಬರುತ್ತದೆ) ಸೇರಿದೆ. ಸಿಬಿಎಸ್‌ಇಯಾದರೆ ಈ ನ್ಯೂನತೆ ಇರುವವರು ತಜ್ಞರ ಶಿಫಾರಸಿನ ಮೇಲೆ ಬೋರ್ಡ್ ಪರೀಕ್ಷೆಗೂ ಸ್ವಂತ ಲ್ಯಾಪ್‌ಟಾಪ್ ಒಯ್ಯಬಹುದು, ಇಂಟರ್ನೆಟ್ ಇರಬಾರದು.